ಮಾಂಸ ಕೂಡಿತು, ನರ ಕೂಡಲಿಲ್ಲ

ಅಕ್ಕನ ಮುಂಗೈ ಗಾಯ ಬಹಳ ಚೆನ್ನಾಗಿ ವಾಸಿಯಾಯಿತು. ಹೊಲಿಗೆ ಬಿಚ್ಚಿದ ದಿನ ಡಾಕ್ಟರು ಆ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಾಕಿನ ಮೇಲೆ ಕಾಯುತ್ತ ಕುಳಿತಿದ್ದವರಿಗೆಲ್ಲ ತೋರಿಸಿದರು. ಸೀಳಿದ ಮಾಂಸ ಕೂಡಿಕೊಂಡಿತ್ತು. ಕೀವು ಆಗಿರಲಿಲ್ಲ. ಚರ್ಮದ ಮೇಲೆ ತೆಳ್ಳಗಿನ ಗುಲಾಬಿ ಗೆರೆಯೊಂದು ಮಾತ್ರ ಉಳಿದಿತ್ತು. ಅಪ್ಪನ ಕಣ್ಣು ತುಂಬಿದ್ದವು. ಅವ್ವ ಡಾಕ್ಟರ ಕಾಲಿಗೆ ಬಾಗಿದಳು. ಆ ದಿನ ನಾವೆಲ್ಲ ಪಟ್ಟ ಸಂತೋಷ ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅಷ್ಟು ಜನ ಆ ಕೈ ನೋಡಿದರು. ಒಬ್ಬರೂ ಅವಳ ಕಿರುಬೆರಳು ಮುಟ್ಟಿ, ಮುಟ್ಟಿದ್ದು ಗೊತ್ತಾಗುತ್ತದೆಯೇ ಎಂದು ಕೇಳಲಿಲ್ಲ.

ಅದು ತೊಂಬತ್ತಮೂರನೆಯ ಇಸವಿ. ಬೈಲಹೊಂಗಲದಲ್ಲಿ ಅಪ್ಪ ಒಂದು ಸಣ್ಣ ಔಷಧಿ ಅಂಗಡಿ ಇಟ್ಟಿದ್ದರು. ಗೋಡೆಗೆ ಗೋಡೆ ಹಚ್ಚಿ ಡಾಕ್ಟರ ದವಾಖಾನೆ. ಡಾಕ್ಟರು ಬರೆದ ಚೀಟಿ ಹಿಡಿದು ಹೊರಬಿದ್ದವರು ನೇರ ಅಪ್ಪನ ಅಂಗಡಿಯ ಕಟ್ಟೆ ಹತ್ತುತ್ತಿದ್ದರು. ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದು ಆ ಚೀಟಿಗಳಿಂದ. ಹಾಗಾಗಿ ನಮ್ಮ ಮನೆಯಲ್ಲಿ ಡಾಕ್ಟರ ಮಾತಿಗೆ ಎದುರು ಮಾತು ಇರಲಿಲ್ಲ. ಅವರು ಒಳ್ಳೆಯವರೂ ಆಗಿದ್ದರು, ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ಬಡವರನ್ನು ಬೈದು ಕಳಿಸಿದ್ದನ್ನು ನಾನು ಕಂಡಿಲ್ಲ. ನಾವಿಬ್ಬರೂ ಹುಟ್ಟುವಾಗ ಅವ್ವನ ಬಳಿ ಇದ್ದವರೂ ಅವರೇ.

ಅಕ್ಕನಿಗೆ ಆಗ ಇಪ್ಪತ್ತೊಂದು. ಬಿ.ಎ. ಮುಗಿಸಿ ಟೈಪಿಂಗ್ ಕಲಿಯಲು ಹೋಗುತ್ತಿದ್ದಳು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಜೂನಿಯರ್ ಪರೀಕ್ಷೆ ಪಾಸಾಗಿ ಸೀನಿಯರ್‌ಗೆ ಕೂರುವವಳಿದ್ದಳು. ಅವಳ ಮಷೀನಿನ ಸದ್ದನ್ನು ನಾನು ಬೀದಿಯಲ್ಲೇ ಗುರುತಿಸುತ್ತಿದ್ದೆ. ಉಳಿದವರದು ತಡೆದು ತಡೆದು ಬಂದರೆ ಅವಳದು ಬಾಣಲೆಯಲ್ಲಿ ಜೋಳದ ಅರಳು ಸಿಡಿದಂತೆ ಒಂದೇ ಸಮ ಬರುತ್ತಿತ್ತು. ಕೋರ್ಟಿನಲ್ಲಿ ಟೈಪಿಸ್ಟ್ ಆಗಬೇಕೆಂಬುದು ಅವಳ ಆಸೆ. ಜಡ್ಜ್ ಸಾಹೇಬರು ಹೇಳುವುದನ್ನು ಅವರು ಬಾಯಿ ಮುಚ್ಚುವುದರೊಳಗೆ ಕಾಗದಕ್ಕೆ ಇಳಿಸಬೇಕು ಎನ್ನುತ್ತಿದ್ದಳು.

ಅಂಗಡಿಯ ಮುಂದಿನ ಗಾಜಿನ ಶೋಕೇಸು ಒಂದು ಮೂಲೆಯಲ್ಲಿ ಬಿರುಕು ಬಿಟ್ಟು ವರ್ಷವಾಗಿತ್ತು. ಅಪ್ಪ ಅದಕ್ಕೆ ಬ್ಯಾಂಡೇಜಿನ ಬಿಳಿ ಪಟ್ಟಿ ಅಂಟಿಸಿ ಇಟ್ಟಿದ್ದರು. ಮೇ ತಿಂಗಳ ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಹೋದಾಗ ಅಕ್ಕ ಅಂಗಡಿಯಲ್ಲಿದ್ದಳು. ಯಾರಿಗೋ ಕೆಮ್ಮಿನ ಔಷಧಿ ಕೊಡಲು ಆ ಗಾಜಿನ ಮೇಲೆ ಬಲಗೈ ಊರಿ ಬಾಗಿದಳು. ಗಾಜು ಕುಸಿಯಿತು. ಮೊಣಕೈಗೂ ಮಣಿಕಟ್ಟಿಗೂ ನಡುವೆ, ಕಿರುಬೆರಳಿನ ಕಡೆಯ ಮಾಂಸ ಎಲುಬಿನವರೆಗೆ ತೆರೆದುಕೊಂಡಿತು. ನಾನು ಒಳಗೆ ಡಬ್ಬಿ ಜೋಡಿಸುತ್ತಿದ್ದವಳು ಓಡಿ ಬಂದು ನೋಡಿದೆ. ಅಕ್ಕ ಅಳಲಿಲ್ಲ. ತನ್ನ ಕೈಯನ್ನು ತಾನೇ ಅದುಮಿ ಹಿಡಿದು ಪಕ್ಕದ ದವಾಖಾನೆಗೆ ನಡೆದು ಹೋದಳು.

ಡಾಕ್ಟರು ರಕ್ತ ನಿಲ್ಲಿಸಿದರು. ಒಳಗಿನ ಮಾಂಸಕ್ಕೆ ಹೊಲಿಗೆ, ಮೇಲಿನ ಚರ್ಮಕ್ಕೆ ಹೊಲಿಗೆ. ಅವರ ಕೈ ಚುರುಕಾಗಿತ್ತು, ಅಚ್ಚುಕಟ್ಟಾಗಿತ್ತು. ಆ ಮಾಂಸದ ನಡುವೆ ಒಂದು ಬಿಳಿಯ ನರವೂ ತುಂಡಾಗಿ, ಅದರ ಎರಡು ತುದಿ ದೂರ ಸರಿದಿದ್ದನ್ನು ಅವರು ನೋಡಲಿಲ್ಲ. ಇಲ್ಲವೇ ನೋಡಿಯೂ ಬಿಟ್ಟರು. ಯಾವುದು ನಿಜ ಎಂಬುದು ನನಗೆ ಬಹಳ ವರ್ಷ ಗೊತ್ತಿರಲಿಲ್ಲ.

ಬ್ಯಾಂಡೇಜು ತೆಗೆದ ಮೇಲೆ ಕಿರುಬೆರಳು ಮತ್ತು ಉಂಗುರ ಬೆರಳಿನ ಅರ್ಧ ಭಾಗ ಜೋಮು ಹಿಡಿದಂತಿದೆ ಎಂದು ಅಕ್ಕನೇ ಹೇಳಿದಳು. ಡಾಕ್ಟರು ನಕ್ಕು, ಅಷ್ಟು ದೊಡ್ಡ ಗಾಯ ಆದ ಮೇಲೆ ಅಷ್ಟೂ ಆಗದಿದ್ದರೆ ಹೇಗೆ, ದಿನ ಹೋದಂತೆ ಬರುತ್ತದೆ ಎಂದರು. ವಿಟಮಿನ್ ಗುಳಿಗೆ ಬರೆದರು. ಅಪ್ಪ ಅಂಗಡಿಯಿಂದ ಡಬ್ಬಿಯನ್ನೇ ತಂದು ಮನೆಯ ಗೂಡಿನಲ್ಲಿಟ್ಟರು. ‘ಬರತೈತಿ’ ಎಂಬ ಮಾತು ನಮ್ಮ ಮನೆಯೊಳಗೆ ಬಂದದ್ದು ಆಗ. ಮುಂದೆ ಎಷ್ಟೋ ವರ್ಷ ಅದು ಹೊರಗೆ ಹೋಗಲಿಲ್ಲ. ಅವ್ವ ಎಣ್ಣೆ ತಿಕ್ಕುತ್ತ ಬರತೈತಿ ಎಂದಳು. ಟೈಪಿಂಗ್ ಕಲಿಸುವ ಸರ್ ಬರತೈತಿ ಎಂದರು. ಕೈ ನೋಡಿದ ನೆಂಟರೆಲ್ಲ ಬರತೈತಿ ಎಂದು ಹೇಳಿ ಚಹ ಕುಡಿದು ಹೋದರು.

ಬರಲಿಲ್ಲ. ದೀಪಾವಳಿಯ ಹೊತ್ತಿಗೆ ಅವಳ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ಕೈಯ ಹಿಂಬದಿಯಲ್ಲಿ, ಒಂದು ಗುಣಿ ಬಿತ್ತು. ಅಲ್ಲಿನ ಮಾಂಸ ಒಳಗಿನಿಂದ ಯಾರೋ ತಿಂದಂತೆ ಇಳಿದು ಹೋಗಿತ್ತು. ಕೊನೆಯ ಎರಡು ಬೆರಳು ಹದ್ದಿನ ಉಗುರಿನಂತೆ ಒಳಕ್ಕೆ ಬಾಗತೊಡಗಿದವು. ಬೆರಳುಗಳನ್ನು ಅಗಲಿಸಲು ಆಗುತ್ತಿರಲಿಲ್ಲ. ಒಮ್ಮೆ ರೊಟ್ಟಿ ತಿರುವಿ ಹಾಕುವಾಗ ಕಿರುಬೆರಳು ಹಂಚಿಗೆ ತಾಗಿಕೊಂಡೇ ಇದ್ದದ್ದು ಅವಳಿಗೆ ತಿಳಿಯಲಿಲ್ಲ. ಸುಟ್ಟ ವಾಸನೆ ಬಂದಾಗ ಅವ್ವ ರೊಟ್ಟಿ ಹೊತ್ತಿತು ಎಂದುಕೊಂಡಳಂತೆ. ಆ ಮಾತನ್ನು ಅವ್ವ ಹೇಳುವಾಗ ಅಕ್ಕ ಎದ್ದು ಹಿತ್ತಲಿಗೆ ಹೋದಳು.

ಅವಳು ಆದರೂ ಟೈಪಿಂಗಿಗೆ ಹೋಗುತ್ತಿದ್ದಳು. ಕಿರುಬೆರಳಿನ ಕೀಲಿಗಳನ್ನು ಮಧ್ಯದ ಬೆರಳಿನಿಂದ ಹೊಡೆಯಲು ಕಲಿಯುತ್ತಿದ್ದಳು. ಸೀನಿಯರ್ ಪರೀಕ್ಷೆಯಲ್ಲಿ ವೇಗ ಸಾಲದೆ ಫೇಲಾದಳು. ಎರಡನೆಯ ಸಲವೂ ಫೇಲಾದಳು. ಹೆಚ್ಚು ಪ್ರಾಕ್ಟೀಸ್ ಮಾಡಬೇಕಿತ್ತು ಎಂದು ಅಪ್ಪ ಹೇಳಿದಾಗ ಅವಳು ಕೈ ಎತ್ತಿ ತೋರಿಸಿದಳು.

ಈಗ ನನ್ನ ಪಾಲಿನದನ್ನು ಹೇಳಬೇಕು.

ನಾನು ಆ ವರ್ಷ ಬಿ.ಎಸ್ಸಿ. ಸೇರಿದ್ದೆ. ಡಿಸೆಂಬರಿನಲ್ಲಿ ಕಾಲೇಜಿನಿಂದ ನಮ್ಮನ್ನು ಹೂಲಿ ಎಂಬ ಹಳ್ಳಿಗೆ ಎನ್ನೆಸ್ಸೆಸ್ ಕ್ಯಾಂಪಿಗೆ ಕರೆದೊಯ್ದರು. ಹಳೆಯ ಗುಡಿಗಳ ಸುತ್ತ ಬೆಳೆದ ಕಂಟಿ ಕಡಿದು ಹಸನು ಮಾಡುವುದು ನಮ್ಮ ಕೆಲಸ. ಮೂರನೆಯ ದಿನ ಊರವರ ಆರೋಗ್ಯ ತಪಾಸಣೆಗೆಂದು ಬೆಳಗಾವಿಯಿಂದ ಡಾಕ್ಟರುಗಳು ಬಂದರು. ಅವರಲ್ಲಿ ಒಬ್ಬರು ವಯಸ್ಸಿನಲ್ಲಿ ಸಣ್ಣವರು, ಸರ್ಜನ್. ಹೆಸರು ಬರೆದುಕೊಳ್ಳುವ ಕೆಲಸಕ್ಕೆ ನನ್ನನ್ನು ಅವರ ಪಕ್ಕ ಕೂರಿಸಿದ್ದರು. ಜನ ಕಡಿಮೆಯಾದಾಗ ನಾನು ಸುಮ್ಮನೆ ಮಾತಿಗೆಂಬಂತೆ ಅಕ್ಕನ ಕೈಯ ಸಂಗತಿ ತೆಗೆದೆ. ಅವರು ಪೆನ್ನು ಕೆಳಗಿಟ್ಟರು. ಕಿರುಬೆರಳಿಗೆ ಮುಟ್ಟಿದ್ದು ತಿಳಿಯುತ್ತದೆಯೇ, ಬೆರಳು ಅಗಲಿಸುತ್ತಾಳೆಯೇ, ಎರಡು ಬೆರಳ ನಡುವೆ ಕಾಗದ ಹಿಡಿದರೆ ನಿಲ್ಲುತ್ತದೆಯೇ ಎಂದು ಕೇಳಿದರು. ಇಲ್ಲ, ಇಲ್ಲ, ಇಲ್ಲ ಎಂದೆ. ಎಷ್ಟು ತಿಂಗಳಾಯಿತು ಎಂದರು. ಏಳು ಎಂದೆ.

“ನರ ಕಟ್ ಆಗೇತಿ. ತಾನ ಕೂಡೂದಿಲ್ಲ ಅದು,” ಎಂದರು. “ಇನ್ನೂ ಟೈಮ್ ಐತಿ. ಆದ್ರ ಭಾಳ ಇಲ್ಲ. ಇದ ತಿಂಗಳ ಕರಕೊಂಡ ಬರ್ರಿ. ಪೂರಾ ಸರಿ ಆಗತೈತಿ ಅಂತ ನಾ ಹೇಳೂದಿಲ್ಲ. ವರ್ಷ ದಾಟಿಸಿ ಬಂದ್ರ ಮಾತ್ರ ನನ್ನ ಕಡೆ ಏನೂ ಉಳಿಯೂದಿಲ್ಲ.”

ಒಂದು ಕಾಗದದ ಮೇಲೆ ತಮ್ಮ ಹೆಸರು, ಆಸ್ಪತ್ರೆಯ ಹೆಸರು, ಸಿಗುವ ದಿನಗಳನ್ನು ಬರೆದು ಕೊಟ್ಟರು. ನಾನು ಅದನ್ನು ಬಾಟನಿ ಪುಸ್ತಕದಲ್ಲಿಟ್ಟುಕೊಂಡು ಊರಿಗೆ ಬಂದೆ. ಅಕ್ಕನ ಕೈಗೆ ಕೊಡಬೇಕಾಗಿದ್ದ ಕಾಗದ ಅದು. ನಾನು ಅಪ್ಪನ ಕೈಗೆ ಕೊಟ್ಟೆ.

ಅಪ್ಪ ಅಂಗಡಿಯಲ್ಲಿ ನಿಂತೇ ಅದನ್ನು ಎರಡು ಸಲ ಓದಿದರು. ಗೋಡೆಯಾಚೆ ಡಾಕ್ಟರು ಯಾರಿಗೋ ಜೋರಾಗಿ ಪಥ್ಯ ಹೇಳುತ್ತಿದ್ದದ್ದು ನಮಗೆ ಕೇಳಿಸುತ್ತಿತ್ತು. ಅಪ್ಪ ದನಿ ಇಳಿಸಿದರು.

“ಅವರ ಬಾಜೂಕ ಕುಂತು, ಅವರ ಹೊಲಿಗಿ ಚಲೋ ಇಲ್ಲ ಅಂತ ಬ್ಯಾರೇದವರ ಕಡೆ ಹ್ಯಾಂಗ ಹೋಗೂದು? ಅವರು ಏನ ಅನ್ಕೊಂಡಾರು?”

ಕಾಗದ ಮಡಚಿ ಕೆಳಗಿನ ಸೆಳೆಖಾನೆಯಲ್ಲಿಟ್ಟರು. ಅಕ್ಕನಿಗೆ ಹೇಳಬೇಡ, ಸುಮ್ಮನೆ ಆಸೆ ಹಚ್ಚಿದಂತಾಗುತ್ತದೆ, ನಾನೇ ಹೊತ್ತು ನೋಡಿ ಡಾಕ್ಟರ ಜೊತೆ ಮಾತಾಡುತ್ತೇನೆ ಎಂದರು. ನಾನು ತಲೆ ಆಡಿಸಿದೆ. ಹೇಳಿದ ಮಾತು ಕೇಳುವ ಮಗಳು ಎಂದು ನಾನು ಮನೆಯಲ್ಲಿ ಹೆಸರು ಪಡೆದಿದ್ದೆ. ಪರೀಕ್ಷೆ ಹತ್ತಿರ ಬಂದಿತ್ತು, ಓದುವುದಿತ್ತು. ಪರೀಕ್ಷೆ ಮುಗಿದ ಮೇಲೆ ಕೇಳೋಣವೆಂದುಕೊಂಡೆ. ಪರೀಕ್ಷೆ ಮುಗಿಯಿತು. ಕೇಳಲಿಲ್ಲ. ಅಕ್ಕನ ಕೈಗೆ ಗಾಯವಾಗಿ ವರ್ಷ ತುಂಬಿತು, ಒಂದೂವರೆ ವರ್ಷವಾಯಿತು. ನಾನು ಪ್ರತಿ ದಿನ ಆ ಕೈಯನ್ನು ನೋಡುತ್ತ ಅದರ ಎದುರಿಗೆ ಕುಳಿತು ಉಂಡೆ.

ತೊಂಬತ್ತಾರರಲ್ಲಿ ರಾಮದುರ್ಗದಿಂದ ಅಕ್ಕನನ್ನು ನೋಡಲು ಬಂದರು. ವರ, ಅವನ ತಾಯಿ, ಒಬ್ಬ ಕಾಕಾ. ಅಕ್ಕ ಅವಲಕ್ಕಿಯ ತಾಟುಗಳನ್ನು ಎಡಗೈಯಲ್ಲಿ ಕೊಡುವ ಹಾಗಿರಲಿಲ್ಲ, ಬಲಗೈಯಲ್ಲೇ ಕೊಟ್ಟಳು. ವರನ ತಾಯಿಯ ಕಣ್ಣು ಬಾಗಿದ ಬೆರಳ ಮೇಲೂ ಸುಟ್ಟ ಕಲೆಯ ಮೇಲೂ ನಿಂತಿತು. ಆಕೆ ಅಕ್ಕನನ್ನು ಪಕ್ಕಕ್ಕೆ ಕರೆದು ಪ್ರೀತಿಯಿಂದ ಕೈ ಹಿಡಿದಂತೆ ಹಿಡಿದು ಕಿರುಬೆರಳನ್ನು ಚಿವುಟಿದಳು. ನೋವಾಯಿತೇ ಎಂದು ಕೇಳಿದಳು. ಅಕ್ಕ ಸುಳ್ಳು ಹೇಳುವವಳಲ್ಲ, ಇಲ್ಲ ಎಂದಳು. ಚಹ ಬರುವುದರೊಳಗೆ ಅವರು ಎದ್ದರು.

ತಿಂಗಳೊಳಗೆ ಸುದ್ದಿ ಹಬ್ಬಿತು. ಔಷಧಿ ಅಂಗಡಿಯವರ ಹಿರಿ ಮಗಳಿಗೆ ಮಹಾರೋಗ ಬಂದಿದೆಯಂತೆ, ಬೆರಳು ಸೊಟ್ಟಾಗಿವೆಯಂತೆ, ಚಿವುಟಿದರೂ ತಿಳಿಯುವುದಿಲ್ಲವಂತೆ. ಕುಷ್ಠ ಎನ್ನಲು ಹೆದರುವ ಜನ ಮಹಾರೋಗ ಎನ್ನುತ್ತಾರೆ, ಆದರೆ ಹಬ್ಬಿಸಲು ಹೆದರುವುದಿಲ್ಲ. ಕಿತ್ತೂರಿನಲ್ಲಿ ನಮ್ಮ ಸಂಬಂಧಿಕರ ಮನೆಯ ಮದುವೆಗೆ ಹೋದಾಗ ಅಕ್ಕ ಎಂದಿನಂತೆ ಬಡಿಸಲು ನಿಂತಳು. ಅತ್ತೆ ವರಸೆಯ ಹೆಣ್ಣುಮಗಳೊಬ್ಬಳು ಬಂದು ಅವಳ ಕೈಯಿಂದ ಬುಟ್ಟಿ ತೆಗೆದುಕೊಂಡು, ನೀನು ದಣಿದೀಯ, ಕುಳಿತುಕೋ ಎಂದಳು. ಎಷ್ಟು ಮೆತ್ತಗೆ ಹೇಳಿದಳೆಂದರೆ ಜಗಳ ತೆಗೆಯಲೂ ದಾರಿ ಇರಲಿಲ್ಲ. ಅಕ್ಕ ಪಂಗ್ತಿಯ ಕೊನೆಯಲ್ಲಿ ಕುಳಿತಳು. ಅವಳ ಪಕ್ಕದ ಎಲೆ ಖಾಲಿ ಉಳಿಯಿತು. ನಾನು ಎದ್ದು ಹೋಗಿ ಅಲ್ಲಿ ಕುಳಿತೆ. ಅವಳು ನನ್ನ ಕಡೆ ನೋಡಲಿಲ್ಲ.

ಆಮೇಲೆ ಅಪ್ಪ ಒಂದು ಕೆಲಸ ಮಾಡಿದರು. ಪಕ್ಕದ ದವಾಖಾನೆಗೆ ಹೋಗಿ, ಇದು ಗಾಯದಿಂದ ಆದದ್ದು, ಕುಷ್ಠವಲ್ಲ ಎಂದು ಡಾಕ್ಟರ ಕೈಯಿಂದ ಚೀಟಿ ಬರೆಸಿ, ಸಹಿ ಸಿಕ್ಕಾ ಹಾಕಿಸಿಕೊಂಡು ಬಂದರು. ಅದರ ಝೆರಾಕ್ಸ್ ಮಾಡಿಸಿ ಮದುವೆಯ ಮಧ್ಯಸ್ಥಿಕೆ ಮಾಡುವವರಿಗೆ ಹಂಚಿದರು. ಆ ಝೆರಾಕ್ಸ್ ಕೈಗೆ ಬಂದಾಗ ಅಕ್ಕ ಅದನ್ನು ಹರಿದು ಒಲೆಗೆ ಹಾಕಿದಳು. ಅದೇ ಕೊನೆ, ಮತ್ತೆ ಯಾರ ಮುಂದೆಯೂ ತಾಟು ಹಿಡಿದು ಬರುವುದಿಲ್ಲ ಎಂದು ಹೇಳಿದಳು. ಬರಲೂ ಇಲ್ಲ. ಸವದತ್ತಿಯಲ್ಲಿ ಗೆಳತಿಯೊಬ್ಬಳು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ತೆರೆದಿದ್ದಳು. ಅಕ್ಕ ಅಲ್ಲಿ ಒಂದು ಕೋಣೆ ಹಿಡಿದು ಅವಳ ಜೊತೆ ಕೆಲಸಕ್ಕೆ ನಿಂತಳು. ಅಪ್ಪ ಬೇಡವೆಂದರು. ಅವಳು ಬಸ್ಸು ಹತ್ತಿದಳು.

ನಾನು ಪ್ರಾಣಿಶಾಸ್ತ್ರ ಎಂ.ಎಸ್ಸಿ. ಮುಗಿಸಿ, ಎರಡು ಸಾವಿರದ ಒಂದರಲ್ಲಿ ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ಸೇರಿದೆ. ಕೆಲಸ ಸಿಕ್ಕಿದ್ದಕ್ಕೆ ಸೇರಿದೆ, ವಿಷಯ ನೋಡಿ ಅಲ್ಲ. ವಿಷಯ ಏನೆಂದು ಮೊದಲ ದಿನ ನನ್ನ ಸರ್ ವಿವರಿಸಿದರು.

ಇಲಿಗಳ ಕಾಲಿನ ಸ್ನಾಯು. ಕೆಲವು ಇಲಿಗಳಲ್ಲಿ ಸ್ನಾಯುವಿಗೆ ಮಾತ್ರ ಗಾಯ ಮಾಡುತ್ತಿದ್ದರು, ನರ ಹಾಗೆಯೇ ಇರುತ್ತಿತ್ತು. ಇನ್ನು ಕೆಲವುಗಳಲ್ಲಿ ಸ್ನಾಯುವನ್ನು ಮುಟ್ಟದೆ ಅದಕ್ಕೆ ಹೋಗುವ ನರವನ್ನು ಕತ್ತರಿಸುತ್ತಿದ್ದರು. ಆಮೇಲೆ ಇಂತಿಷ್ಟು ದಿನಕ್ಕೊಮ್ಮೆ ಸ್ನಾಯುವಿನ ಚೂರು ತೆಗೆದು, ಅದರ ಕಾಂಡಕೋಶಗಳಲ್ಲಿ ಯಾವ ಜೀನು ಕೆಲಸಕ್ಕೆ ಇಳಿದಿದೆ, ಯಾವುದು ಸುಮ್ಮನಾಗಿದೆ ಎಂದು ನೋಡುವುದು. ಸ್ನಾಯುವಿನ ಎಳೆಗಳ ಅಂಚಿನಲ್ಲಿ ಈ ಕಾಂಡಕೋಶಗಳು ಸಾಮಾನ್ಯ ದಿನಗಳಲ್ಲಿ ಮುದುಡಿ ಮಲಗಿರುತ್ತವೆ. ಗಾಯವಾದ ಕೂಡಲೇ ಏಳುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಒಂದಕ್ಕೊಂದು ಬೆಸೆದು ಹೊಸ ಎಳೆ ಕಟ್ಟುತ್ತವೆ. ಕೆಲವು ಮಾತ್ರ ಮುಂದಿನ ಗಾಯಕ್ಕೆಂದು ಮತ್ತೆ ಮಲಗುತ್ತವೆ. ಏಳಲು ಒಂದು ಜೀನು, ಕಟ್ಟಲು ಇನ್ನೊಂದು, ಮುಗಿಸಲು ಮತ್ತೊಂದು, ಸರದಿ ತಪ್ಪದೆ ಬರುತ್ತವೆ. ಕೆಲಸಕ್ಕಿಳಿದ ಜೀನು ಜೆಲ್ ಎಂಬ ಲೋಳೆಯಂಥ ಹಾಳೆಯ ಮೇಲೆ ಪಟ್ಟೆಯಾಗಿ ಕಾಣುತ್ತದೆ; ಆ ಪಟ್ಟೆಗಳು ಒಂದು ಮೂಡಿ ಇನ್ನೊಂದು ಮಸುಕಾಗುವುದನ್ನು ನಾನೇ ನೋಡಿದ್ದೇನೆ. ಮೂರ್ನಾಲ್ಕು ವಾರದಲ್ಲಿ ಆ ಇಲಿ ಏನೂ ಆಗಿಲ್ಲವೆಂಬಂತೆ ಓಡಾಡುತ್ತಿತ್ತು.

ಅಕ್ಕನ ಮುಂಗೈ ಮಾಂಸ ಕೂಡಿದ್ದು ಹಾಗೆ. ಅದರಲ್ಲಿ ಡಾಕ್ಟರ ಕೈಗುಣವೇನೂ ಇರಲಿಲ್ಲ. ಸ್ವಚ್ಛವಾಗಿಟ್ಟು ಜೋಡಿಸಿ ಹಿಡಿದರೆ ಮಾಂಸ ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ. ಅದಕ್ಕಾಗಿ ಅವ್ವ ಕಾಲಿಗೆ ಬಿದ್ದಿದ್ದಳು.

ನರ ಕತ್ತರಿಸಿದ ಇಲಿಗಳದು ಬೇರೆ ಕಥೆ. ಅಲ್ಲಿ ಗಾಯವೇ ಇಲ್ಲದ ಸ್ನಾಯು ದಿನದಿಂದ ದಿನಕ್ಕೆ ಸಣ್ಣಗಾಗುತ್ತಿತ್ತು. ಅದು ಸೋಮಾರಿಯಾಗಿ ಸುಮ್ಮನೆ ಬಿದ್ದಿದೆಯೆಂದು ನಾನು ತಿಳಿದಿದ್ದೆ. ಹಾಗಿರಲಿಲ್ಲ. ನರದ ಅಪ್ಪಣೆಯನ್ನು ಹಿಡಿಯುವ ಗ್ರಾಹಕಗಳು ಸ್ನಾಯುವಿನ ಎಳೆಯಲ್ಲಿ ನರ ಬಂದು ಸೇರುವ ಒಂದೇ ಜಾಗದಲ್ಲಿರುತ್ತವೆ. ನರ ಹೋದ ಮೇಲೆ ಸ್ನಾಯು ಆ ಗ್ರಾಹಕಗಳನ್ನು ತನ್ನ ಉದ್ದಕ್ಕೂ ಮೂಡಿಸಿಕೊಳ್ಳುತ್ತದೆ. ಎಲ್ಲಿಂದಾದರೂ ಬರಲಿ, ಬಂದರೆ ಹಿಡಿಯುತ್ತೇನೆ ಎಂಬಂತೆ. ಕಾಂಡಕೋಶಗಳೂ ಏಳುತ್ತವೆ, ಹೆಚ್ಚುತ್ತವೆ. ನಾಲ್ಕಾರು ವಾರ ಜೆಲ್ಲಿನ ಪಟ್ಟೆಗಳು ದಟ್ಟವಾಗಿ ಬರುತ್ತಿದ್ದವು. ಆದರೆ ಕಟ್ಟಿದ್ದನ್ನು ದುಡಿಸಿಕೊಳ್ಳುವವರು ಇಲ್ಲ. ತಿಂಗಳುಗಳು ಕಳೆದಂತೆ ಪಟ್ಟೆಗಳು ತೆಳುವಾದವು, ಕೋಶಗಳು ಕಡಿಮೆಯಾದವು, ಎಳೆಗಳ ಜಾಗದಲ್ಲಿ ನಾರು ಮತ್ತು ಕೊಬ್ಬು ತುಂಬಿದವು. ಕೂಡಲೇ ನರ ಹೊಲಿದ ಇಲಿಗಳಲ್ಲಿ ನರ ದಿನಕ್ಕೊಂದು ಸಾಸಿವೆ ಕಾಳಿನಷ್ಟು ಬೆಳೆದು ಬಂದು ಸ್ನಾಯುವನ್ನು ತಲುಪುತ್ತಿತ್ತು, ಕಾಲು ಮತ್ತೆ ಅಲ್ಲಾಡುತ್ತಿತ್ತು. ಬಹಳ ತಡ ಮಾಡಿ ಹೊಲಿದರೆ ನರ ಬಂದರೂ ಸ್ನಾಯುವಿನಲ್ಲಿ ಅದನ್ನು ಬರಮಾಡಿಕೊಳ್ಳುವ ಶಕ್ತಿ ಉಳಿದಿರುತ್ತಿರಲಿಲ್ಲ.

ಒಂದು ಮಧ್ಯಾಹ್ನ ನರ ಕತ್ತರಿಸಿದ ಇಲಿಯ ಸ್ನಾಯುವಿನ ಫೋಟೋಗಳನ್ನು ತಿಂಗಳ ಪ್ರಕಾರ ಗೋಡೆಯ ಬೋರ್ಡಿಗೆ ಚುಚ್ಚುತ್ತಿದ್ದೆ. ಇಲಿಯ ತಿಂಗಳು ಮನುಷ್ಯರ ತಿಂಗಳಿಗೆ ಸಮವಲ್ಲ, ನನಗೆ ಗೊತ್ತಿತ್ತು. ಆದರೂ ಲೆಕ್ಕ ತಾನಾಗಿ ಓಡಿತು. ಇದು ದೀಪಾವಳಿ, ಗುಣಿ ಬಿದ್ದದ್ದು. ಇದು ಹೂಲಿ. ಇದು ನನ್ನ ಪರೀಕ್ಷೆ. ಹೂಲಿಯಿಂದ ನಾನು ಕಾಗದ ತಂದಾಗ ಅಕ್ಕನ ಬೆರಳಿನ ಸ್ನಾಯುಗಳು ಇನ್ನೂ ಬದುಕಿದ್ದವು, ಕಾಯುತ್ತಿದ್ದವು. ನಾವು ಉಣ್ಣುತ್ತ, ಓದುತ್ತ, ಬರತೈತಿ ಎನ್ನುತ್ತ ಕುಳಿತಿದ್ದಾಗ ಅವು ಒಂದೊಂದಾಗಿ ಸತ್ತವು. ಸರ್ ಬಂದು ಫೋಟೋಗಳನ್ನು ನೋಡಿ ಬಹಳ ಸ್ಪಷ್ಟ ಬಂದಿವೆ, ಸುಂದರವಾಗಿವೆ ಎಂದರು. ನಾನು ಕೈಯಲ್ಲಿದ್ದ ಗುಂಡುಸೂಜಿಯ ಡಬ್ಬಿಯನ್ನು ನೆಲಕ್ಕೆ ಎಸೆದೆ. ಅವರು ಬೆಚ್ಚಿ ನಿಂತರು. ಕ್ಷಮೆ ಕೇಳಿ, ಎಲ್ಲ ಆರಿಸಿ, ರಜೆ ಬರೆದು ಬಸ್ ಸ್ಟ್ಯಾಂಡಿಗೆ ನಡೆದೆ.

ಅಂದು ಶನಿವಾರ. ಅಕ್ಕನೂ ಸವದತ್ತಿಯಿಂದ ಬೈಲಹೊಂಗಲಕ್ಕೆ ಬಂದಿದ್ದಳು. ಅಪ್ಪ ಅಂಗಡಿಯಿಂದ ಬಂದು ಕಾಲು ತೊಳೆಯುವುದರೊಳಗೆ ನಾನು ಶುರು ಮಾಡಿದೆ. ನನಗೆ ಗೊತ್ತಾದದ್ದನ್ನೆಲ್ಲ ಕೂಗಿ ಹೇಳಿದೆ. ಹೂಲಿಯ ಡಾಕ್ಟರು ಕೊಟ್ಟ ಕಾಗದ ಏನು ಮಾಡಿದಿರಿ ಎಂದು ಕೇಳಿದೆ. ಅಪ್ಪ ಬಾಗಿಲಲ್ಲೇ ತಂಬಿಗೆ ಹಿಡಿದು ನಿಂತರು. ನಾನು ಬಯ್ಯುತ್ತಲೇ ಇದ್ದೆ. ಬಯ್ಯುವುದರಲ್ಲಿ ಎಷ್ಟು ಸುಖವಿತ್ತೆಂದರೆ, ಪಡಸಾಲೆಯಲ್ಲಿ ಅಕ್ಕ ಎದ್ದು ನಿಂತದ್ದು ನನ್ನ ಗಮನಕ್ಕೇ ಬರಲಿಲ್ಲ.

“ಯಾವ ಕಾಗದ?” ಎಂದಳು ಅವಳು.

ಅಪ್ಪ ತಂಬಿಗೆ ಕೆಳಗಿಟ್ಟರು. ಕೊನೆಗೆ ನಾನೇ ಹೇಳಬೇಕಾಯಿತು. ಅವಳು ಪೂರ್ತಿ ಕೇಳಿದಳು. ಅಪ್ಪನ ಕಡೆಗೆ ಒಮ್ಮೆಯೂ ತಿರುಗಲಿಲ್ಲ.

“ಅಪ್ಪಗ ಅಂಜಿಕಿ ಇತ್ತು. ಅವರ ಅಂಗಡಿ ಇತ್ತು,” ಎಂದಳು. “ನಿನಗ ಏನ ಇತ್ತು? ಕೈ ನಂದು. ನನಗ್ಯಾಕ ಹೇಳಲಿಲ್ಲ? ನಾ ಒಬ್ಬಾಕೀನ ಬಸ್ ಹತ್ತಿ ಹೋಗತಿದ್ನಿ.”

ಹೋಗುತ್ತಿದ್ದಳು. ಅದರಲ್ಲಿ ನನಗೆ ಸಂಶಯವೇ ಇಲ್ಲ. ಎಲುಬು ಕಾಣುವ ಕೈ ಅದುಮಿಕೊಂಡು ತಾನೇ ದವಾಖಾನೆಗೆ ನಡೆದವಳು ಅವಳು. ನನಗೆ ಅಪ್ಪ ಬೇಡವೆಂದಿದ್ದರು ಎಂದೆ. ಆ ಮಾತು ನನ್ನ ಕಿವಿಗೇ ಹೇಸಿಗೆ ಎನಿಸಿತು.

ಸೋಮವಾರ ಬೆಳಿಗ್ಗೆ ಅಕ್ಕ ಸವದತ್ತಿಗೆ ಹೊರಡುವ ಮೊದಲು ಡಾಕ್ಟರ ದವಾಖಾನೆಗೆ ಹೋದಳು. ನಾನು ಕರೆಯದೆಯೇ ಹಿಂದೆ ಹೋದೆ. ಡಾಕ್ಟರಿಗೆ ವಯಸ್ಸಾಗಿತ್ತು, ಕನ್ನಡಕದ ಗಾಜು ದಪ್ಪಗಾಗಿತ್ತು. ಅಕ್ಕ ಮೇಜಿನ ಮೇಲೆ ಕೈ ಇಟ್ಟಳು. ಅವರು ಗಾಯದ ಗೆರೆಯ ಮೇಲೆ ಬೆರಳಾಡಿಸಿ ಹೊಲಿಗೆ ನೆನಪಿದೆ ಎಂದರು. ಆಮೇಲೆ ಬೆರಳುಗಳನ್ನು ನೋಡಿದರು. ಹೊಲಿಗೆ ಬಿಚ್ಚಿದ ದಿನ ನೋಡಬೇಕಾಗಿದ್ದಂತೆ ಈಗ ಒಂದೊಂದಾಗಿ ಮುಟ್ಟಿ ನೋಡಿದರು. ನರ ಹೋಗಿದೆ ಎಂದು ನಿಮಗೆ ಆಗ ಗೊತ್ತಿತ್ತೇ ಎಂದು ಅಕ್ಕ ಕೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು.

“ಸಂಶಯ ಇತ್ತವ್ವಾ,” ಎಂದರು. “ನಮ್ಮಲ್ಲಿ ಅದನ್ನ ಹೊಲಿಯೂ ಅನುಕೂಲ ಇರಲಿಲ್ಲ. ಒಮ್ಮೊಮ್ಮೆ ತಾನ ಬರತೈತಿ, ಕಾದ ನೋಡೂನು ಅಂದೆ. ನಿಮ್ಮಪ್ಪಾರು ಮದವಿ ಸಂಬಂಧ ಚೀಟಿ ಕೇಳಿದ್ರು, ಬರದ ಕೊಟ್ಟೆ. ಬ್ಯಾರೇ ಕಡೆ ತೋರಸ್ತೀವಿ ಅಂತ ಕೇಳಿದ್ರ ಅದಕ್ಕೂ ಬರದ ಕೊಡತಿದ್ದೆ. ಕೇಳಲಿಲ್ಲ.”

ನನಗೆ ತಡೆಯಲಾಗಲಿಲ್ಲ. “ಕೇಳಬೇಕಾದವರು ನಾವೇನ್ರಿ? ಹೇಳಬೇಕಾದವರು ನೀವು,” ಎಂದೆ. ಗೋಡೆಯಾಚೆ ಅಪ್ಪ ಇದ್ದರು. ಅವರಿಗೆ ಕೇಳಿಸಲಿ ಎಂದೇ ಜೋರಾಗಿ ಹೇಳಿದೆ. ಬಾಕಿನ ಮೇಲಿದ್ದವರು ನನ್ನನ್ನು ಹುಚ್ಚಿಯಂತೆ ನೋಡಿದರು. ಹಿರಿಯರೊಬ್ಬರು, ದೇವರಂಥ ಮನುಷ್ಯರಿಗೆ ಹೀಗೆ ಮಾತಾಡಬಾರದು ಎಂದು ನನಗೆ ಬುದ್ಧಿ ಹೇಳಿದರು. ಅಕ್ಕ ಹೊರಗೆ ಬಂದು ಅಪ್ಪನ ಅಂಗಡಿಯ ಮುಂದೆ ಹಾದು, ನಿಲ್ಲದೆ ಹೋದಳು.

ಅಷ್ಟು ವರ್ಷ ಅಪ್ಪ ಹೆದರಿದ್ದು ಯಾವುದಕ್ಕೆ? ಡಾಕ್ಟರು ಬೇಸರ ಮಾಡಿಕೊಳ್ಳುತ್ತಾರೆಂದು. ಅವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲವಂತೆ. ಇದನ್ನು ನಂಬಬೇಕೋ ಬಿಡಬೇಕೋ ತಿಳಿಯದು. ಒಬ್ಬರಿಗೆ ಸಂಶಯವಿತ್ತು, ಹೇಳಲಿಲ್ಲ. ಒಬ್ಬರಿಗೆ ಸಂಕೋಚವಿತ್ತು, ಕೇಳಲಿಲ್ಲ. ಒಬ್ಬಳಿಗೆ ಪರೀಕ್ಷೆ ಇತ್ತು. ಕೈ ಇದ್ದವಳನ್ನು ಮಾತ್ರ ಯಾರೂ ಕರೆದು ಕೂರಿಸಿ ಮಾತಾಡಲಿಲ್ಲ.

ಮುಂದಿನದನ್ನು ಅಕ್ಕ ತಾನೇ ಮಾಡಿಕೊಂಡಳು. ನನ್ನ ಪ್ರಯೋಗಾಲಯದ ಸರ್ ಬಳಿ ಹುಬ್ಬಳ್ಳಿಯ ಒಬ್ಬ ಕೈ ಸರ್ಜನ್ನರ ಹೆಸರು ಕೇಳಿ ತಂದದ್ದಷ್ಟೇ ನನ್ನ ಕೆಲಸ. ಈ ಸಲ ಅದನ್ನು ಅವಳ ಕೈಗೇ ಕೊಟ್ಟೆ. ಅವರು ಪರೀಕ್ಷೆ ಮಾಡಿ, ಸತ್ತ ಸ್ನಾಯುಗಳನ್ನು ಎಬ್ಬಿಸುವುದು ಯಾರಿಂದಲೂ ಆಗದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆದರೆ ಮಧ್ಯದ ಬೆರಳನ್ನು ಮಡಿಸುವ ಎರಡು ಸ್ನಾಯುಗಳಲ್ಲಿ ಒಂದರ ಕಂಡರವನ್ನು, ಎಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿಯನ್ನು, ತಂದು ಬಾಗಿದ ಬೆರಳುಗಳಿಗೆ ಜೋಡಿಸಬಹುದು, ಅವು ನೆಟ್ಟಗೆ ನಿಲ್ಲುತ್ತವೆ, ಹಿಡಿತ ಸುಧಾರಿಸುತ್ತದೆ, ಸ್ಪರ್ಶ ಮಾತ್ರ ಬರುವುದಿಲ್ಲ ಎಂದರು. ಕುಷ್ಠದಿಂದ ಬೆರಳು ಸೊಟ್ಟಾದವರಿಗೆ ಬಹಳ ವರ್ಷಗಳಿಂದ ಮಾಡುತ್ತ ಬಂದ ಆಪರೇಷನ್ ಅದು. ಕೇಳಿ ಅಕ್ಕ ನಕ್ಕಳು. ಕಿತ್ತೂರಿನವರಿಗೆ ತಿಳಿಸಬೇಕು ಎಂದಳು.

ಎರಡು ಸಾವಿರದ ಮೂರರಲ್ಲಿ ಆಪರೇಷನ್ ಆಯಿತು. ಪ್ಲಾಸ್ಟರ್ ತೆಗೆದ ಮೇಲೆ ಮೊದಲ ದಿನಗಳಲ್ಲಿ ಕಿರುಬೆರಳನ್ನು ಅಲ್ಲಾಡಿಸಬೇಕಾದರೆ ಮಧ್ಯದ ಬೆರಳು ಮಡಿಸುವಂತೆ ಯೋಚಿಸಬೇಕಿತ್ತು. ಅವಳು ಹುಬ್ಬು ಗಂಟಿಕ್ಕಿ ಬೆರಳುಗಳನ್ನು ನೋಡುತ್ತ ಗಂಟೆಗಟ್ಟಲೆ ಕೂರುತ್ತಿದ್ದಳು. ಒಂದೂವರೆ ತಿಂಗಳಿಗೆ ಲೋಟ ಹಿಡಿದಳು, ಬಾಗಿಲ ಅಗಳಿ ಹಾಕಿದಳು. ಗುಣಿ ಹಾಗೇ ಉಳಿಯಿತು. ಅಪ್ಪ ಸವದತ್ತಿಗೆ ಬಂದು ದಿನಾ ವ್ಯಾಯಾಮ ಮಾಡಿಸಲೇ ಎಂದು ಕೇಳಿದರು. ಬೇಡ ಎಂದಳು. ಅವರು ವರಾಂಡದ ಬೆಂಚಿನ ಮೇಲೆ ನಾಲ್ಕು ದಿನ ಕುಳಿತು ಊರಿಗೆ ಹೋದರು. ಆಗ ನನಗೆ ಅವರ ಮೇಲೆ ಮರುಕ ಬಂತು. ಮರುಕ ಬಂದದ್ದಕ್ಕೂ ಸಿಟ್ಟು ಬಂತು.

ಅಷ್ಟರಲ್ಲಿ ಟೈಪ್‌ರೈಟರುಗಳ ಕಾಲವೇ ಮುಗಿದಿತ್ತು. ಅಕ್ಕ ಮತ್ತು ಗೆಳತಿ ಸವದತ್ತಿಯ ಅಂಗಡಿಗೆ ಎರಡು ಕಂಪ್ಯೂಟರ್ ಹಾಕಿದರು. ವಕೀಲರು ಈಗ ದಾವೆಯ ಕಾಗದಗಳನ್ನು ಅವಳ ಬಳಿ ತರುತ್ತಾರೆ, ಏಕೆಂದರೆ ಅವಳ ಕೆಲಸದಲ್ಲಿ ತಪ್ಪು ಸಿಗುವುದಿಲ್ಲ. ಮೊದಲಿನ ವೇಗ ಇಲ್ಲ. ಆ ವೇಗವನ್ನು ಕಂಡವರು ಸವದತ್ತಿಯಲ್ಲಿ ಯಾರೂ ಇಲ್ಲದ ಕಾರಣ, ಇದೇ ಬಹಳ ವೇಗ ಎಂದು ಅಲ್ಲಿಯವರು ಹೊಗಳುತ್ತಾರೆ. ಅವಳು ತಿದ್ದುವುದಿಲ್ಲ.

ಅಪ್ಪನ ಜೊತೆ ಅವಳು ನಿಧಾನಕ್ಕೆ ಮಾತು ಬೆಳೆಸಿದಳು. ಅವರ ಕಣ್ಣಿನ ಪೊರೆಯ ಆಪರೇಷನ್ನಿಗೆ ಅವಳೇ ಓಡಾಡಿದಳು, ಎರಡು ಕಡೆ ಡಾಕ್ಟರಿಗೆ ತೋರಿಸಿದ ಮೇಲೆ. ನನ್ನ ಜೊತೆಗೂ ಮಾತು ಬಿಟ್ಟವಳಲ್ಲ. ಹಬ್ಬಕ್ಕೆ ಬರುತ್ತಾಳೆ, ನಗುತ್ತಾಳೆ, ನನ್ನ ಮಕ್ಕಳಿಗೆ ಕೈ ಹಿಡಿದು ಅಕ್ಷರ ಬರೆಸುತ್ತಾಳೆ. ಆದರೆ ತನ್ನ ಮೈಯ ಸುದ್ದಿಯನ್ನು ನನಗೆ ಹೇಳುವುದಿಲ್ಲ. ಎರಡು ಸಾವಿರದ ಎಂಟರಲ್ಲಿ ಅವಳಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ನನಗೆ ತಿಳಿದದ್ದು ಎಂಟು ದಿನ ಕಳೆದ ಮೇಲೆ, ಅವಳ ಗೆಳತಿಯ ಬಾಯಿಂದ. ಫೋನು ಹಚ್ಚಿ, ಒಂದು ಮಾತು ಹೇಳಬಾರದಿತ್ತೇ ಎಂದು ಜಗಳಕ್ಕೆ ನಿಂತೆ. ಆ ಕಡೆಯಿಂದ ಅವಳು, ನಿನಗೆ ಊಟವಾಯಿತೇ ಎಂದು ಕೇಳಿದಳು.